ಚಂದ್ರನ ಮೇಲೆ ಲ್ಯಾಂಡರ್ ಇಳಿಯುವುದನ್ನು ನೇರಪ್ರಸಾರದಲ್ಲಿ ನೋಡುವ ಬಗೆ: ಸಮಗ್ರ ಮಾರ್ಗದರ್ಶಿ

ಚಂದ್ರನ ಮೇಲೆ ಯಾವುದೇ ನೌಕೆ ಇಳಿದ ಮರುದಿನ ಓದುಗರಿಂದ ಬರುವ ದೂರುಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಸಮಯ ತಪ್ಪಿ, ಟಿವಿ ಹಾಕುವಷ್ಟರಲ್ಲಿ ಎಲ್ಲವೂ ಮುಗಿದಿತ್ತು. ನೋಡಿದ್ದು ನೇರಪ್ರಸಾರವೇ ಅಲ್ಲ, ಯಾರೋ ಮತ್ತೆ ಹಾಕಿದ ಹಳೆಯ ವಿಡಿಯೊ. ಪರದೆಯ ಮೇಲೆ ಓಡುತ್ತಿದ್ದ ಅಂಕಿಗಳು ಏನನ್ನು ಹೇಳುತ್ತಿವೆ ಎಂಬುದು ತಿಳಿಯಲಿಲ್ಲ. ಇಳಿಯಿತೆಂದು ಸಿಹಿ ಹಂಚಿದ ಮೇಲೆ ನೌಕೆ ಮಗುಚಿದೆ ಎಂಬ ಸುದ್ದಿ ಬಂತು. ಮೊದಲಿನ ಎರಡು ದೂರುಗಳಿಗೆ ಸಿದ್ಧತೆಯ ಕೊರತೆ ಕಾರಣ. ಉಳಿದೆರಡಕ್ಕೆ ಕಾರಣ, ನೋಡಬೇಕಾದ ಕಡೆ ನೋಡದಿರುವುದು.

ಮಾನವರಹಿತ ನೌಕೆಯ ಇಳಿಕೆಯಲ್ಲಿ ಕಣ್ಣಿಗೆ ಕಟ್ಟುವ ದೃಶ್ಯ ಬಹುಮಟ್ಟಿಗೆ ಇರುವುದೇ ಇಲ್ಲ. ಇರುವುದು ಎತ್ತರ, ವೇಗ, ಸಮಯ ಎಂಬ ಮೂರು ಅಂಕಿಗಳು ಮತ್ತು ನಿಯಂತ್ರಣ ಕೊಠಡಿಯ ಮುಖಗಳು. ಅಂಕಿಗಳನ್ನು ಓದಲು ಕಲಿತವರಿಗೆ ಕೊಠಡಿಯಲ್ಲಿ ಚಪ್ಪಾಳೆ ಬೀಳುವ ಮೊದಲೇ ವಿಷಯ ಗೊತ್ತಾಗುತ್ತದೆ. ಕೆಳಗಿನ ಹಂತಗಳನ್ನು ಅದೇ ಕ್ರಮದಲ್ಲಿ ಅನುಸರಿಸಬೇಕು. ವಿಶೇಷವಾಗಿ ಮೂರನೆಯ ಹಂತವನ್ನು ಬಿಟ್ಟರೆ ಐದನೆಯದರಿಂದ ಪ್ರಯೋಜನವಿಲ್ಲ.

ಬೇಕಾಗುವ ಸಾಮಗ್ರಿ

ದೊಡ್ಡ ಪರದೆಯ ಒಂದು ಸಾಧನ (ಟಿವಿ, ಲ್ಯಾಪ್‌ಟಾಪ್ ಅಥವಾ ಪ್ರೊಜೆಕ್ಟರ್), ಎರಡು ಬೇರೆ ಬೇರೆ ಕಂಪನಿಗಳ ಇಂಟರ್ನೆಟ್ ಸಂಪರ್ಕ, ಸೆಕೆಂಡ್ ತೋರಿಸುವ ಗಡಿಯಾರ, ಒಂದು ಹಾಳೆ ಕಾಗದ ಮತ್ತು ಪೆನ್ನು. ಕರೆಂಟ್ ಹೋಗುವ ಊರಾದರೆ ಯುಪಿಎಸ್ ಇರಲಿ. ಆದರೆ ರೂಟರ್ ಕೂಡ ಅದೇ ಯುಪಿಎಸ್‌ಗೆ ಸೇರಿದೆಯೇ ಎಂಬುದನ್ನು ನೋಡಿಕೊಳ್ಳಬೇಕು. ಪರದೆ ಉರಿಯುತ್ತಿದ್ದು ರೂಟರ್ ಆರಿಹೋಗುವುದು ಶಾಲೆಗಳಲ್ಲಿ, ಬಡಾವಣೆಯ ಸಭಾಂಗಣಗಳಲ್ಲಿ ಪದೇ ಪದೇ ನಡೆಯುವ ಎಡವಟ್ಟು. ದೂರದರ್ಶಕ ಬೇಕಿಲ್ಲ: ಸುಮಾರು 3,84,000 ಕಿ.ಮೀ. ದೂರದಲ್ಲಿರುವ, ಕೆಲವೇ ಮೀಟರ್ ಅಗಲದ ಲ್ಯಾಂಡರ್ ಭೂಮಿಯ ಯಾವ ದೂರದರ್ಶಕಕ್ಕೂ ಕಾಣುವುದಿಲ್ಲ.

ಹಂತ 1: ಸಮಯವನ್ನು ಭಾರತೀಯ ಕಾಲಮಾನಕ್ಕೆ ಇಳಿಸಿಕೊಳ್ಳುವುದು

ಸಮಯದ ತಪ್ಪಿನಲ್ಲಿ ಹೆಚ್ಚಿನದು ಗಂಟೆಯ ತಪ್ಪಲ್ಲ, ತಾರೀಖಿನ ತಪ್ಪು. ಅಮೆರಿಕದ ಒಡಿಸಿಯಸ್ ಲ್ಯಾಂಡರ್ 2024ರ ಫೆಬ್ರವರಿ 22ರ ಸಂಜೆ ಇಳಿಯಿತು ಎಂದು ಅಲ್ಲಿನವರು ಬರೆಯುತ್ತಾರೆ. ನಮ್ಮ ಗಡಿಯಾರದಲ್ಲಿ ಅದು ಫೆಬ್ರವರಿ 23ರ ಬೆಳಗಿನ ಜಾವ 4:53. ಜಪಾನಿನ ಸ್ಲಿಮ್ ಇಳಿದದ್ದು ಅವರ ಲೆಕ್ಕದಲ್ಲಿ ಅದೇ ವರ್ಷದ ಜನವರಿ 20ರ ಮಧ್ಯರಾತ್ರಿ 12:20ಕ್ಕೆ. ನಮಗೆ ಅದು ಜನವರಿ 19ರ ರಾತ್ರಿ 8:50. ಆದ್ದರಿಂದ ಪ್ರಕಟಣೆಯಲ್ಲಿ ಅಂತರರಾಷ್ಟ್ರೀಯ ಪ್ರಮಾಣ ಸಮಯವಾದ ಯುಟಿಸಿ ಇದ್ದರೆ ಅದನ್ನೇ ಹಿಡಿದು 5 ಗಂಟೆ 30 ನಿಮಿಷ ಕೂಡಿಸಬೇಕು. ಜಪಾನ್ ಸಮಯವಾದರೆ 3 ಗಂಟೆ 30 ನಿಮಿಷ ಕಳೆಯಬೇಕು. ಅಮೆರಿಕದ ಸಮಯ ಬೇಸಿಗೆಯಲ್ಲೊಂದು, ಚಳಿಗಾಲದಲ್ಲೊಂದು. ಅಲ್ಲಿನ ಪೂರ್ವ, ಮಧ್ಯ ವಲಯಗಳೂ ಬೇರೆ ಬೇರೆ. ಹೀಗಾಗಿ ಅದನ್ನು ನೇರವಾಗಿ ಪರಿವರ್ತಿಸಲು ಹೋಗದೆ ಯುಟಿಸಿಗಾಗಿ ಹುಡುಕುವುದೇ ಕ್ಷೇಮ.

ಬರೆದಿಟ್ಟ ಸಮಯವೂ ಅಂತಿಮವಲ್ಲ. ಒಡಿಸಿಯಸ್‌ನ ಇಳಿಕೆ ಅದೇ ದಿನ ಸುಮಾರು ಎರಡು ಗಂಟೆ ಮುಂದಕ್ಕೆ ಹೋಯಿತು, ಏಕೆಂದರೆ ನೌಕೆ ಚಂದ್ರನ ಸುತ್ತ ಇನ್ನೊಂದು ಸುತ್ತು ಹಾಕಬೇಕಾಯಿತು. ತಗ್ಗಿನ ಕಕ್ಷೆಯಲ್ಲಿ ಒಂದು ಸುತ್ತಿಗೆ ಸುಮಾರು ಎರಡು ಗಂಟೆ ಹಿಡಿಯುತ್ತದೆ. ಸಣ್ಣ ಮುಂದೂಡಿಕೆ ಸಾಮಾನ್ಯವಾಗಿ ಇದೇ ಅಳತೆಯಲ್ಲಿ ಬರುತ್ತದೆ. ಚಂದ್ರಯಾನ-3ರ ಸಂದರ್ಭದಲ್ಲಿ 2023ರ ಆಗಸ್ಟ್ 23ರಂದು ಪರಿಸ್ಥಿತಿ ಅನುಕೂಲಕರವಾಗಿರದಿದ್ದರೆ 27ಕ್ಕೆ ಹೋಗುವ ಯೋಚನೆಯನ್ನು ಇಸ್ರೊ ಅಧಿಕಾರಿಗಳು ಮೊದಲೇ ಹೇಳಿದ್ದರು. ಇಳಿಯುವ ಜಾಗದಲ್ಲಿ ಬೆಳಕು ಹರಿದಿರಬೇಕು, ಆ ಬೆಳಕು ಮುಂದೆ ಸುಮಾರು ಹದಿನಾಲ್ಕು ದಿನ ಸಿಗಬೇಕು. ಆದ್ದರಿಂದ ಆಯ್ಕೆಗೆ ಇರುವ ದಿನಗಳು ಕೆಲವೇ. ಹಿಂದಿನ ರಾತ್ರಿ ಒಮ್ಮೆ, ಇಳಿಕೆಗೆ ಎರಡು ಗಂಟೆ ಮೊದಲು ಇನ್ನೊಮ್ಮೆ ಅಧಿಕೃತ ಖಾತೆಯಲ್ಲಿ ಸಮಯವನ್ನು ಖಚಿತಪಡಿಸಿಕೊಳ್ಳಿ.

ಹಂತ 2: ಅಸಲಿ ಪ್ರಸಾರವನ್ನು ಮೊದಲೇ ಗುರುತಿಸಿಡುವುದು

ಇಳಿಕೆಯ ದಿನ ಯೂಟ್ಯೂಬ್‌ನಲ್ಲಿ ನೌಕೆಯ ಹೆಸರು ಹಾಕಿ ಹುಡುಕುವುದೇ ದೊಡ್ಡ ತಪ್ಪು. ಆ ಹೊತ್ತಿಗೆ ‘ಲೈವ್’ ಎಂಬ ಕೆಂಪು ಗುರುತಿನೊಂದಿಗೆ ಹತ್ತಾರು ನಕಲಿ ಪ್ರಸಾರಗಳು ತೆರೆದುಕೊಂಡಿರುತ್ತವೆ. ಕೆಲವು ಹಳೆಯ ಇಳಿಕೆಯನ್ನೇ ತಿರುಗಿಸಿ ತೋರಿಸುತ್ತವೆ, ಕೆಲವು ಅನಿಮೇಶನ್ ಓಡಿಸುತ್ತವೆ, ಇನ್ನು ಕೆಲವು ಮೂಲೆಯಲ್ಲೊಂದು ಕ್ಯೂಆರ್ ಕೋಡ್ ಇಟ್ಟು ಹಣ ಕೇಳುತ್ತವೆ. ಹಿಂದಿನ ದಿನವೇ ಬಾಹ್ಯಾಕಾಶ ಸಂಸ್ಥೆಯ ಅಧಿಕೃತ ಜಾಲತಾಣಕ್ಕೆ ಹೋಗಿ, ಅಲ್ಲಿ ಕೊಟ್ಟಿರುವ ಕೊಂಡಿಯ ಮೂಲಕ ಪ್ರಸಾರದ ಪುಟ ತೆರೆದು, ಅದನ್ನು ಬುಕ್‌ಮಾರ್ಕ್ ಮಾಡಿಡಬೇಕು. ಚಂದ್ರಯಾನ-3 ಇಸ್ರೊ ಜಾಲತಾಣ, ಅದರ ಯೂಟ್ಯೂಬ್ ವಾಹಿನಿ, ಫೇಸ್‌ಬುಕ್ ಪುಟ ಮತ್ತು ಡಿಡಿ ನ್ಯಾಷನಲ್‌ನಲ್ಲಿ ಬಂದಿತ್ತು. ಖಾಸಗಿ ಕಂಪನಿಯ ಲ್ಯಾಂಡರ್ ಆದರೆ ಆ ಕಂಪನಿಯ ವಾಹಿನಿಯನ್ನೂ, ಅದರಲ್ಲಿ ನಾಸಾದ ಉಪಕರಣಗಳಿದ್ದರೆ ನಾಸಾದ ವಾಹಿನಿಯನ್ನೂ ಗುರುತಿಸಿಡಿ.

ನಕಲಿಯನ್ನು ಪತ್ತೆಹಚ್ಚುವ ಸೂಚನೆಗಳು: ವಾಹಿನಿಯ ಹೆಸರಿನಲ್ಲಿ ಒಂದೆರಡು ಅಕ್ಷರ ಹೆಚ್ಚುಕಡಿಮೆ ಇರುವುದು, ಹಳೆಯ ವಿಡಿಯೊಗಳೇ ಇಲ್ಲದಿರುವುದು, ಕೊಠಡಿಯ ಮಾತಿನ ಬದಲು ಅಬ್ಬರದ ಸಂಗೀತ ಕೇಳುವುದು. ಲ್ಯಾಂಡರನ್ನು ಹೊರಗಿನಿಂದ ಯಾರೋ ಚಿತ್ರೀಕರಿಸುತ್ತಿರುವಂತೆ ಕಾಣುವ ‘ನೇರ’ ದೃಶ್ಯಗಳನ್ನು ನಂಬಬೇಡಿ. ಅಲ್ಲಿ ಕ್ಯಾಮೆರಾ ಹಿಡಿಯಲು ಯಾರೂ ಇಲ್ಲ.

ಹಂತ 3: ಕಾಗದದ ಮೇಲೆ ಇಳಿಕೆಯ ಪಟ್ಟಿ ಬರೆದುಕೊಳ್ಳುವುದು

ಬಹುತೇಕ ಎಲ್ಲರೂ ಬಿಟ್ಟುಬಿಡುವ ಹಂತ ಇದು. ಇಡೀ ಸಂಜೆಯ ಗುಣಮಟ್ಟ ನಿಂತಿರುವುದೂ ಇದರ ಮೇಲೆಯೇ. ಇಳಿಕೆಗೆ ಕೆಲವು ದಿನ ಮೊದಲು ಸಂಸ್ಥೆಗಳು ಯಾವ ಎತ್ತರದಲ್ಲಿ ಎಷ್ಟು ವೇಗ ಇರಬೇಕು ಎಂಬುದನ್ನು ಪ್ರಕಟಿಸುತ್ತವೆ ಅಥವಾ ವಿಜ್ಞಾನಿಗಳು ಮಾಧ್ಯಮಗಳಿಗೆ ಹೇಳುತ್ತಾರೆ. ಅದನ್ನು ಹಾಳೆಯ ಎಡಬದಿಗೆ ಬರೆದು, ಬಲಬದಿಯನ್ನು ನೇರಪ್ರಸಾರದಲ್ಲಿ ಕಂಡದ್ದನ್ನು ಬರೆಯಲು ಖಾಲಿ ಬಿಡಬೇಕು.

ಚಂದ್ರಯಾನ-3ರ ಯೋಜನೆಯನ್ನು ಮಾದರಿಯಾಗಿ ಇಟ್ಟುಕೊಳ್ಳಬಹುದು. ಇಳಿಕೆ ಶುರುವಾಗುವಾಗ ಎತ್ತರ ಸುಮಾರು 30 ಕಿ.ಮೀ., ವೇಗ ಸೆಕೆಂಡಿಗೆ ಸುಮಾರು 1.68 ಕಿ.ಮೀ., ಇಳಿಯುವ ಜಾಗ ಇನ್ನೂ ಸುಮಾರು 745 ಕಿ.ಮೀ. ಮುಂದೆ. ಮೊದಲ ಹಂತವಾದ ರಫ್ ಬ್ರೇಕಿಂಗ್‌ಗೆ, ಅಂದರೆ ವೇಗದ ಬಹುಪಾಲನ್ನು ತಗ್ಗಿಸುವುದಕ್ಕೆ, 690 ಸೆಕೆಂಡ್. ಅದು ಮುಗಿದಾಗ ಎತ್ತರ 7.42 ಕಿ.ಮೀ., ಅಡ್ಡ ವೇಗ (ಮುಂದಕ್ಕೆ ಓಡುವ ವೇಗ) ಸೆಕೆಂಡಿಗೆ 358 ಮೀಟರ್, ಲಂಬ ವೇಗ (ಕೆಳಕ್ಕೆ ಇಳಿಯುವ ವೇಗ) 61 ಮೀಟರ್. ಬಳಿಕ ನೌಕೆ ತನ್ನ ಭಂಗಿಯನ್ನು ಹಿಡಿದಿಡುವ, ಸುಮಾರು 10 ಸೆಕೆಂಡ್‌ನ ಹೋಲ್ಡ್ ಹಂತ. ಆಗ ನೌಕೆ 6.8 ಕಿ.ಮೀ.ಗೆ ಇಳಿಯುತ್ತದೆ. ನಂತರ ಸುಮಾರು ಮೂರು ನಿಮಿಷದ ಫೈನ್ ಬ್ರೇಕಿಂಗ್. ಅದರ ಕೊನೆಗೆ ನೌಕೆ ಸುಮಾರು 800 ಮೀಟರ್ ಎತ್ತರದಲ್ಲಿ ವೇಗವೆಲ್ಲ ಕಳೆದುಕೊಂಡು ನೆಟ್ಟಗೆ ನಿಂತಿರುತ್ತದೆ. ಅಲ್ಲಿಂದ 150 ಮೀಟರ್‌ಗೆ ಇಳಿದು, ಕ್ಷಣಕಾಲ ತೇಲುತ್ತಾ ಕೆಳಗೆ ಬಂಡೆ-ಗುಂಡಿಗಳಿವೆಯೇ ಎಂದು ನೋಡಿ, ಆಮೇಲೆ ನೆಲ ಮುಟ್ಟುತ್ತದೆ. ಕಾಲುಗಳನ್ನು ಸೆಕೆಂಡಿಗೆ 3 ಮೀಟರ್‌ವರೆಗಿನ ಲಂಬ ವೇಗ ತಾಳುವಂತೆ ರೂಪಿಸಲಾಗಿತ್ತು.

ಬೇರೆ ನೌಕೆಗಳಲ್ಲಿ ಅಂಕಿಗಳು ಬದಲಾಗುತ್ತವೆ, ಕ್ರಮ ಬದಲಾಗುವುದಿಲ್ಲ: ಮೊದಲು ಅಡ್ಡ ವೇಗವನ್ನು ಕೊಲ್ಲುವುದು, ಆಮೇಲೆ ನೆಟ್ಟಗಾಗುವುದು, ಆಮೇಲೆ ಜಾಗ ನೋಡಿ ಇಳಿಯುವುದು.

ವ್ಯಾಖ್ಯಾನ ಇಂಗ್ಲಿಷಿನಲ್ಲಿ ವೇಗವಾಗಿ ಸಾಗುವುದರಿಂದ ಕೆಲವು ಮಾತುಗಳನ್ನು ಇದೇ ಹಾಳೆಯ ಕೆಳಗೆ ಬರೆದುಕೊಂಡರೆ ಮನೆಯವರಿಗೂ ಹೇಳಬಹುದು. ‘ನಾಮಿನಲ್’ ಎಂದರೆ ಎಲ್ಲವೂ ಯೋಜನೆಯಂತೆಯೇ ಇದೆ. ‘ಎಎಲ್ಎಸ್’ ಎಂದರೆ ಇನ್ನು ಮುಂದೆ ನೌಕೆ ತಾನೇ ನಿರ್ಧರಿಸಿ ಇಳಿಯುವ ಸ್ವಯಂಚಾಲಿತ ಕ್ರಮ. ಅದು ಶುರುವಾದ ಮೇಲೆ ಬೆಂಗಳೂರಿನ ಪೀಣ್ಯದ ಇಸ್ಟ್ರ್ಯಾಕ್ ಕೇಂದ್ರದಲ್ಲಿ ಕುಳಿತವರೂ ನಮ್ಮಂತೆ ಪ್ರೇಕ್ಷಕರೇ. ‘ಹೋವರ್’ ಎಂದರೆ ಒಂದೇ ಎತ್ತರದಲ್ಲಿ ತೇಲುವುದು. ‘ಲಾಸ್ ಆಫ್ ಸಿಗ್ನಲ್’ ಎಂಬುದನ್ನು ಕೇಳಿದ ತಕ್ಷಣ ಎದೆ ಒಡೆದುಕೊಳ್ಳಬೇಕಿಲ್ಲ. ಅದಕ್ಕೆ ಆರನೆಯ ಹಂತ ನೋಡಿ.

ಹಂತ 4: ಅರ್ಧ ಗಂಟೆ ಮೊದಲು ಪ್ರಸಾರವನ್ನು ಹೊಂದಿಸುವುದು

ಚಂದ್ರಯಾನ-3ರ ಪ್ರಸಾರ ಸಂಜೆ 5:20ಕ್ಕೆ, ಇಳಿಕೆಯ ಕ್ರಮ 5:45ರ ಸುಮಾರಿಗೆ ಶುರುವಾಯಿತು. ನೆಲ ಮುಟ್ಟಿದ್ದು 6:04ರ ಹೊತ್ತಿಗೆ. ಮೊದಲ ಅರ್ಧ ಗಂಟೆಯಲ್ಲಿ ಬರುವುದು ಬಹುತೇಕ ಪೀಠಿಕೆ. ಅದನ್ನು ಕೇಳದಿದ್ದರೆ ನಷ್ಟವೇನಿಲ್ಲ, ಆದರೆ ಪರದೆ ಹೊಂದಿಸಿಕೊಳ್ಳಲು ಅದೇ ಸಮಯ.

ವಿಡಿಯೊ ಗುಣಮಟ್ಟವನ್ನು ‘ಆಟೊ’ದಲ್ಲಿ ಬಿಡಬೇಡಿ. ಅಂದು ಇಸ್ರೊದ ಯೂಟ್ಯೂಬ್ ವಾಹಿನಿಯನ್ನು ಒಂದೇ ಹೊತ್ತಿಗೆ 80 ಲಕ್ಷಕ್ಕೂ ಹೆಚ್ಚು ಮಂದಿ ನೋಡುತ್ತಿದ್ದರು. ಅಂಥ ಹೊತ್ತಿನಲ್ಲಿ ನಿಮ್ಮ ಬೀದಿಯ ಸಂಪರ್ಕವೂ ದಣಿಯುತ್ತದೆ, ಆಟೊ ಇದ್ದರೆ ಚಿತ್ರ 240ಕ್ಕೆ ಇಳಿದು ಅಂಕಿಗಳು ಕಲಸಿಹೋಗುತ್ತವೆ: 3 ಮತ್ತು 8ರ ನಡುವಿನ ವ್ಯತ್ಯಾಸವೇ ಕಾಣದ ಪರದೆಯಿಂದ ಏನೂ ತಿಳಿಯುವುದಿಲ್ಲ. 720 ಸಾಕು, ಅದು ನಿಂತು ನಿಂತು ಬರುತ್ತಿದ್ದರೆ 480ಕ್ಕೆ ಇಳಿಸಿ, ಅದಕ್ಕಿಂತ ಕೆಳಗೆ ಬೇಡ. ಆಗಲೂ ತಡೆಯಾದರೆ ಡಿಡಿಗೆ ಹೋಗಿ.

ಪ್ರಸಾರವನ್ನು ಒಮ್ಮೆ ನಿಲ್ಲಿಸಿ ಮತ್ತೆ ಓಡಿಸಿದರೆ ನೀವು ಅಷ್ಟು ಸಮಯ ಹಿಂದೆ ಉಳಿದಿರುತ್ತೀರಿ, ಅದು ಗೊತ್ತೂ ಆಗುವುದಿಲ್ಲ. ಯೂಟ್ಯೂಬ್‌ನಲ್ಲಿ ‘ಲೈವ್’ ಪಕ್ಕದ ಚುಕ್ಕೆ ಬೂದು ಬಣ್ಣಕ್ಕೆ ತಿರುಗಿದ್ದರೆ ಅದನ್ನು ಒತ್ತಿ ಕೆಂಪು ಮಾಡಿಕೊಳ್ಳಬೇಕು. ಹಾಗೆ ಮಾಡಿದರೂ ವಿಳಂಬ ಪೂರ್ತಿ ಹೋಗುವುದಿಲ್ಲ. ಚಂದ್ರನಿಂದ ರೇಡಿಯೊ ಸಂಕೇತ ಬರಲು ಹಿಡಿಯುವುದು ಸುಮಾರು 1.3 ಸೆಕೆಂಡ್ ಮಾತ್ರ. ಇಂಟರ್ನೆಟ್ ಪ್ರಸಾರ ನಿಮ್ಮ ಮನೆ ತಲುಪುವಷ್ಟರಲ್ಲಿ ಅದರ ಮೇಲೆ ಇನ್ನೂ ಹಲವು ಸೆಕೆಂಡ್, ಕೆಲವೊಮ್ಮೆ ಅರ್ಧ ನಿಮಿಷವೇ ಕೂಡಿಕೊಳ್ಳುತ್ತದೆ. ಪಕ್ಕದ ಮನೆಯವರ ಟಿವಿ ನಿಮ್ಮ ಮೊಬೈಲಿಗಿಂತ ಮುಂದಿದ್ದರೆ ಅವರ ಕೂಗು ನಿಮ್ಮ ಸಂಜೆಯನ್ನು ಕೆಡಿಸುತ್ತದೆ. ಒಂದು ಮನೆಯಲ್ಲಿ ಒಂದೇ ಪ್ರಸಾರ, ಉಳಿದ ಫೋನುಗಳು ಮೌನ, ಪರದೆಯ ಪಕ್ಕದ ಚಾಟ್ ಮುಚ್ಚಿದ ಸ್ಥಿತಿ: ಇದನ್ನು ನಿಯಮ ಮಾಡಿಕೊಳ್ಳುವುದು ಒಳ್ಳೆಯದು.

ಇದೇ ಬಿಡುವಿನಲ್ಲಿ ಹೊರಗೆ ಹೋಗಿ ಚಂದ್ರನನ್ನು ಒಮ್ಮೆ ನೋಡಿಬರಬಹುದು, ಅದು ಮೇಲಿದ್ದರೆ. ಚಂದ್ರಯಾನ-3 ಇಳಿದದ್ದು ಶುಕ್ಲ ಸಪ್ತಮಿಯ ಸಂಜೆ. ಸೂರ್ಯ ಮುಳುಗುವ ಮೊದಲೇ ದಕ್ಷಿಣದಲ್ಲಿ ಅರೆಚಂದ್ರ ಕಾಣುವ ಹೊತ್ತು ಅದು.

ಹಂತ 5: ಇಳಿಕೆಯ ವೇಳೆ ಅಂಕಿಗಳನ್ನು ಜೋಡಿಯಾಗಿ ಓದುವುದು

ಪರದೆಯಲ್ಲಿ ಲ್ಯಾಂಡರ್ ತಿರುಗುತ್ತಾ ಇಳಿಯುವ ಚಿತ್ರ ಕಾಣುತ್ತದೆ. ಅದು ಕ್ಯಾಮೆರಾದ ದೃಶ್ಯವಲ್ಲ, ಗಣಕಯಂತ್ರ ಬಿಡಿಸಿದ ಚಿತ್ರ. ಚಂದ್ರಯಾನ-3ರ ಕ್ಯಾಮೆರಾ ಸೆರೆಹಿಡಿದ ಇಳಿಕೆಯ ವಿಡಿಯೊ ಹೊರಬಂದದ್ದು ಮರುದಿನ. ಆದ್ದರಿಂದ ಕಣ್ಣನ್ನು ಆ ಚಿತ್ರದಿಂದ ತೆಗೆದು ಅಂಕಿಗಳ ಮೇಲೆ ಇಡಬೇಕು.

ಎತ್ತರವನ್ನು ಒಂಟಿಯಾಗಿ ಓದಿದರೆ ಅರ್ಥವಿಲ್ಲ. ಮೊದಲ ಕೆಲವು ನಿಮಿಷ ಎತ್ತರ ನಿಧಾನವಾಗಿ ಇಳಿಯುತ್ತದೆ, ವೇಗ ಮಾತ್ರ ಬೇಗ ಕುಸಿಯುತ್ತದೆ. ‘ನೌಕೆ ಇಳಿಯುತ್ತಲೇ ಇಲ್ಲ’ ಎಂದು ಹೊಸಬರು ಗಾಬರಿಯಾಗುವುದು ಇಲ್ಲಿಯೇ. ಆ ಹಂತದಲ್ಲಿ ಇಂಜಿನ್‌ಗಳು ನೌಕೆಯ ಮುಂದೋಟವನ್ನು ತಡೆಯುತ್ತಿರುತ್ತವೆ, ಹೀಗಾಗಿ ನೋಡಬೇಕಾದದ್ದು ಅಡ್ಡ ವೇಗ. ಕೊನೆಯ 7 ಕಿ.ಮೀ.ಯಲ್ಲಿ ನೋಡಬೇಕಾದದ್ದು ಲಂಬ ವೇಗ.

ಲಂಬ ವೇಗಕ್ಕೊಂದು ಸರಳ ಲೆಕ್ಕವಿದೆ. ಮೀಟರ್‌ಗಳಲ್ಲಿರುವ ಎತ್ತರವನ್ನು ಲಂಬ ವೇಗದಿಂದ ಭಾಗಿಸಿದರೆ, ವೇಗ ಬದಲಾಗದಿದ್ದರೆ ಎಷ್ಟು ಸೆಕೆಂಡಿನಲ್ಲಿ ನೆಲಕ್ಕೆ ತಾಗುತ್ತದೆ ಎಂಬುದು ಸಿಗುತ್ತದೆ. ಚಂದ್ರಯಾನ-3ರ ಯೋಜನೆಯಲ್ಲಿ 7,420 ಮೀಟರ್ ಎತ್ತರದಲ್ಲಿ 61 ಮೀಟರ್ ವೇಗ: ಭಾಗಿಸಿದರೆ ಸುಮಾರು 120 ಸೆಕೆಂಡ್, ಅಂದರೆ ಬ್ರೇಕ್ ಹಾಕಲು ಬೇಕಾದಷ್ಟು ಸಮಯವಿದೆ. 2019ರ ಏಪ್ರಿಲ್ 11ರಂದು ಇಸ್ರೇಲಿನ ಬೆರೆಶೀಟ್‌ನಿಂದ ಬಂದ ಕೊನೆಯ ಅಂಕಿಗಳನ್ನು ಇದರ ಪಕ್ಕದಲ್ಲಿಟ್ಟು ನೋಡಿ: ಎತ್ತರ 149 ಮೀಟರ್, ಲಂಬ ವೇಗ ಸೆಕೆಂಡಿಗೆ ಸುಮಾರು 134 ಮೀಟರ್, ಅಡ್ಡ ವೇಗ ಇನ್ನೂ 900 ಮೀಟರ್‌ಗೂ ಮಿಗಿಲು. ಉತ್ತರ ಒಂದು ಸೆಕೆಂಡ್ ಚಿಲ್ಲರೆ. ಸಂಪರ್ಕ ಕಡಿದುಹೋದದ್ದಕ್ಕೆ ಬೇರೆ ವಿವರಣೆ ಬೇಕಿರಲಿಲ್ಲ. ಈ ಉತ್ತರ ಹಂತದಿಂದ ಹಂತಕ್ಕೆ ನಿಧಾನವಾಗಿ ಬದಲಾಗುತ್ತಿದ್ದರೆ ನಿಶ್ಚಿಂತೆ. 1,000 ಮೀಟರ್‌ಗಿಂತ ಕೆಳಗೆ ಅದು 20ಕ್ಕಿಂತ ಕಡಿಮೆಯಾದರೆ ನಾನಂತೂ ಕುರ್ಚಿಯ ತುದಿಗೆ ಬರುತ್ತೇನೆ.

ಎರಡನೆಯದಾಗಿ, ರೇಖಾಚಿತ್ರ. ಇಸ್ರೊ ಪ್ರಸಾರದಲ್ಲಿ ಯೋಜಿತ ಹಾದಿಯ ಗೆರೆಯೊಂದು ಮೊದಲೇ ಬಿಡಿಸಿದ್ದು, ಅದರ ಮೇಲೆ ನೌಕೆಯ ನಿಜವಾದ ಹಾದಿ ಚುಕ್ಕೆಯಾಗಿ ಸಾಗುತ್ತದೆ. 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಚಂದ್ರಯಾನ-2ರ ವಿಕ್ರಮ್ ಇಳಿಯುತ್ತಿದ್ದಾಗ ಹಸಿರು ಚುಕ್ಕೆ ಕೆಂಪು ಗೆರೆಯನ್ನು ಬಿಟ್ಟು ಸರಿದದ್ದನ್ನು ಗಮನಿಸಿದವರಿಗೆ ಅಧಿಕೃತ ಘೋಷಣೆಗೆ ಬಹಳ ಮುಂಚೆಯೇ ಅನುಮಾನ ಬಂದಿತ್ತು. ಚುಕ್ಕೆ ಸ್ವಲ್ಪ ಆಚೀಚೆ ಆಡುವುದು ಸಹಜ. ಒಂದೇ ದಿಕ್ಕಿಗೆ ಸರಿಯುತ್ತಾ ಹೋಗಿ ಹಿಂತಿರುಗದಿದ್ದರೆ, ಅಥವಾ ಅಂಕಿಗಳು ಹಲವು ಸೆಕೆಂಡ್ ಅಲುಗಾಡದೆ ನಿಂತರೆ, ಅದು ಎಚ್ಚರಿಕೆಯ ಗಂಟೆ.

ಅಂಕಿಗಳನ್ನು ಕಣ್ಣುಮುಚ್ಚಿ ನಂಬುವುದೂ ತಪ್ಪೇ. ಪರದೆಯ ಎತ್ತರ ಎಂದರೆ ನೌಕೆ ತಾನು ಎಲ್ಲಿದ್ದೇನೆ ಎಂದುಕೊಂಡಿದೆಯೋ ಅದು. 2023ರ ಏಪ್ರಿಲ್‌ನಲ್ಲಿ ಜಪಾನಿನ ಐಸ್ಪೇಸ್ ಕಂಪನಿಯ ಹಕುಟೊ-ಆರ್ ಲ್ಯಾಂಡರ್ ಕುಳಿಯೊಂದರ ಅಂಚನ್ನು ದಾಟುವಾಗ ಕೆಳಗಿನ ನೆಲ ಒಮ್ಮೆಲೇ ಸುಮಾರು 3 ಕಿ.ಮೀ. ತಗ್ಗಿತು. ಎತ್ತರಮಾಪಕ ಸರಿಯಾದ ಅಳತೆಯನ್ನೇ ಕೊಟ್ಟಿತು. ತಂತ್ರಾಂಶ ಮಾತ್ರ ಆ ಜಿಗಿತವನ್ನು ಉಪಕರಣದ ದೋಷವೆಂದು ಬಗೆದು ತಳ್ಳಿಹಾಕಿತು. ಎತ್ತರ ಸೊನ್ನೆ ಎಂದು ನೌಕೆ ನಂಬಿದಾಗ ಅದು ನಿಜವಾಗಿ ಇದ್ದದ್ದು ಸುಮಾರು 5 ಕಿ.ಮೀ. ಮೇಲೆ, ಅಲ್ಲಿಯೇ ಇಂಧನ ಮುಗಿಸಿಕೊಂಡು ಬಿತ್ತು. ಎತ್ತರ ಸೊನ್ನೆಯ ಹತ್ತಿರ ಬಂದೂ ನೆಲ ಮುಟ್ಟಿದ ಸುದ್ದಿ ಬರುತ್ತಿಲ್ಲವೆಂದರೆ ಈ ಪ್ರಕರಣ ನೆನಪಿರಲಿ.

ಹಂತ 6: ಮೌನವನ್ನು ತಾಳಿಕೊಳ್ಳುವುದು

ನೆಲ ಮುಟ್ಟುವ ನಿರೀಕ್ಷಿತ ಕ್ಷಣ ದಾಟಿದ ಮೇಲೆ ಕೊಠಡಿ ಸ್ತಬ್ಧವಾದರೆ ತೀರ್ಪು ಕೊಡಲು ಆತುರಪಡಬಾರದು. ನೌಕೆಯ ಆಂಟೆನಾ ತಿರುಗಬೇಕು, ಭೂಮಿಯ ಕೇಂದ್ರ ಅದರ ಸಂಕೇತವನ್ನು ಹಿಡಿಯಬೇಕು. ಒಡಿಸಿಯಸ್ ವಿಷಯದಲ್ಲಿ ಹಲವು ನಿಮಿಷ ಏನೂ ಕೇಳದೆ, ಆಮೇಲೆ ಕ್ಷೀಣವಾದ ಸಂಕೇತವೊಂದು ಸಿಕ್ಕಿತು, ನೌಕೆ ಬದುಕಿತ್ತು.

ಈ ಹೊತ್ತಿನಲ್ಲಿ ಪರದೆಯಲ್ಲಿ ನೋಡಬೇಕಾದವರು ಗಣ್ಯರಲ್ಲ, ಕಂಪ್ಯೂಟರ್ ಮುಂದೆ ಕುಳಿತವರು. ಅವರು ತಮ್ಮ ಪರದೆಗಳನ್ನೇ ನೋಡುತ್ತಾ ಕೆಲಸ ಮುಂದುವರಿಸಿದ್ದರೆ ಹುಡುಕಾಟ ನಡೆದಿದೆ ಎಂದರ್ಥ. ಹಿರಿಯರು ಒಬ್ಬೊಬ್ಬರಾಗಿ ಎದ್ದು ಹೋಗಿ ಪಿಸುಗುಟ್ಟತೊಡಗಿದರೆ ವಿಷಯ ಗಂಭೀರ. ನಾಸಾದ ದೊಡ್ಡ ಆಂಟೆನಾಗಳ ನೆರವು ಪಡೆದ ಯೋಜನೆಯಾದರೆ ‘ಡಿಎಸ್ಎನ್ ನೌ’ ಎಂಬ ಪುಟದಲ್ಲಿ ಯಾವ ಆಂಟೆನಾ ಯಾವ ನೌಕೆಯತ್ತ ತಿರುಗಿದೆ ಎಂಬುದನ್ನು ಯಾರು ಬೇಕಾದರೂ ನೋಡಬಹುದು. ಇಸ್ರೊ ನೌಕೆಗಳ ಮಾತನ್ನು ಮುಖ್ಯವಾಗಿ ಆಲಿಸುವುದು ಬೆಂಗಳೂರು ಸಮೀಪದ ಬ್ಯಾಲಾಳುವಿನಲ್ಲಿರುವ 32 ಮೀಟರ್ ವ್ಯಾಸದ ಆಂಟೆನಾ.

ಹಂತ 7: ‘ಇಳಿಯಿತು’ ಎಂಬುದನ್ನು ಮೆಟ್ಟಿಲು ಮೆಟ್ಟಿಲಾಗಿ ಒಪ್ಪುವುದು

ಚಪ್ಪಾಳೆ ಕೇಳಿದ ಕೂಡಲೇ ವಾಟ್ಸ್‌ಆ್ಯಪ್ ಸ್ಟೇಟಸ್ ಹಾಕುವವರಿಗೆ ಈ ಹಂತ. ಹಾಳೆಯ ಕೆಳಗೆ ನಾಲ್ಕು ಚೌಕ ಬರೆದುಕೊಂಡು ಒಂದೊಂದಾಗಿ ಗುರುತು ಹಾಕಿ: ವೇಗ ಸೊನ್ನೆಯಾಗಿ ಸಂಕೇತ ಮುಂದುವರಿದಿದೆಯೇ, ನೌಕೆ ನೆಟ್ಟಗಿದೆಯೇ, ಸೌರಫಲಕಗಳಿಂದ ವಿದ್ಯುತ್ ಬರುತ್ತಿದೆಯೇ, ನೆಲದ ಮೇಲಿಂದ ಮೊದಲ ಚಿತ್ರ ಬಂತೇ.

ಮೊದಲ ಚೌಕ ತುಂಬಿದರೆ ಮುಟ್ಟಿದ್ದು ನಿಜ ಎನ್ನಬಹುದು, ಅಷ್ಟೇ. ಸ್ಲಿಮ್ ಇಳಿದಾಗ ಸಂಕೇತ ಬರುತ್ತಲೇ ಇತ್ತು, ಆದರೆ ಪ್ರಸಾರದ ಪರದೆಯಲ್ಲಿ ನೌಕೆಯ ಚಿತ್ರ ಮಗುಚಿದಂತೆ ಕಾಣುತ್ತಿತ್ತು. ಸುಮಾರು 50 ಮೀಟರ್ ಎತ್ತರದಲ್ಲಿ ಎರಡು ಮುಖ್ಯ ಇಂಜಿನ್‌ಗಳಲ್ಲಿ ಒಂದರ ಬಲ ಹೋಗಿತ್ತು ಎಂಬುದು, ಸೌರಫಲಕಗಳು ತಪ್ಪು ದಿಕ್ಕಿಗೆ ತಿರುಗಿದ್ದವು ಎಂಬುದು ತಿಳಿದದ್ದು ಆಮೇಲೆ. ಒಡಿಸಿಯಸ್ ನೆಟ್ಟಗೆ ನಿಂತಿದೆ ಎಂದು ಕಂಪನಿಯೇ ಮೊದಲು ಹೇಳಿತು. ಮರುದಿನ, ಅದು ಪಕ್ಕಕ್ಕೆ ಒರಗಿದೆ ಎಂದು ತಿದ್ದಿಕೊಂಡಿತು. ಎರಡನೆಯ ಚೌಕಕ್ಕೆ ಅವಸರದಲ್ಲಿ ಗುರುತು ಹಾಕಬಾರದು ಎನ್ನುವುದಕ್ಕೆ ಇವೆರಡೇ ಸಾಕು.

ಮೊದಲ ಚಿತ್ರಗಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಚಂದ್ರಯಾನ-3ರ ಮರುದಿನಗಳಲ್ಲಿ ಪ್ರಜ್ಞಾನ್ ರೋವರ್‌ನ ಚಕ್ರ ಚಂದ್ರನ ಮಣ್ಣಿನಲ್ಲಿ ಅಶೋಕ ಲಾಂಛನವನ್ನು ಅಚ್ಚುಕಟ್ಟಾಗಿ ಮೂಡಿಸಿದ ಚಿತ್ರವೊಂದು ಊರೆಲ್ಲ ಸುತ್ತಿತು; ಅದು ಕಲಾವಿದರೊಬ್ಬರ ಕಲ್ಪನೆ. ಸಂಸ್ಥೆಯ ಖಾತೆಯಲ್ಲಿ ಇಲ್ಲದ ಚಿತ್ರವನ್ನು, ಎಷ್ಟೇ ಚೆನ್ನಾಗಿದ್ದರೂ, ಮುಂದಕ್ಕೆ ಕಳುಹಿಸಬೇಡಿ. ತುಂಬಾ ಚೆನ್ನಾಗಿದ್ದರಂತೂ ಬೇಡವೇ ಬೇಡ.

ಹಂತ 8: ಹಾಳೆಯನ್ನು ಎತ್ತಿಡುವುದು

ಇಳಿಕೆ ವಿಫಲವಾದರೆ ಆ ರಾತ್ರಿಯ ಟಿವಿ ಚರ್ಚೆಗಳನ್ನು ಕೇಳುವ ಅಗತ್ಯವಿಲ್ಲ. ಕಾರಣ ಆಗ ಯಾರಿಗೂ ಗೊತ್ತಿರುವುದಿಲ್ಲ. ಹಕುಟೊ-ಆರ್ ಏಕೆ ಬಿತ್ತು ಎಂಬ ವಿಶ್ಲೇಷಣೆ ಹೊರಬಂದದ್ದು ಸುಮಾರು ಒಂದು ತಿಂಗಳ ನಂತರ, 2023ರ ಮೇ 26ರಂದು. ಹಾಳೆಯ ಬಲಬದಿಯಲ್ಲಿ ನೀವು ಬರೆದ ಅಂಕಿಗಳು ಎಡಬದಿಯಿಂದ ಯಾವ ನಿಮಿಷದಲ್ಲಿ ಬೇರೆಯಾದವು ಎಂಬಲ್ಲಿ ಒಂದು ಗೆರೆ ಎಳೆದು, ತಾರೀಖು ಹಾಕಿ ಇಟ್ಟುಕೊಳ್ಳಿ. ವರದಿ ಬಂದ ದಿನ ಅದರಲ್ಲಿ ಹೇಳಿರುವ ಸೆಕೆಂಡನ್ನು ನಿಮ್ಮ ಗೆರೆಯೊಂದಿಗೆ ಹೋಲಿಸುವಾಗ ಪ್ರಸಾರದ ವಿಳಂಬವನ್ನು ಕಳೆಯಲು ಮರೆಯಬೇಡಿ.